ಕುದುರೆ ಹೋದ ಮೇಲೆ ಉಳಿದ ಲಾಯ

ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಹಳೆಯ ಒಕ್ಕಲುಮನೆಯೊಂದು ಮಾರಾಟಕ್ಕೆ ಬಂದಾಗ ಮನೆಯ ಬಗ್ಗೆ ಹೆಚ್ಚು ತಕರಾರು ಏಳುವುದಿಲ್ಲ; ಚರ್ಚೆಯೆಲ್ಲ ಅದರ ಹಿಂದಿನ ಲಾಯ, ಕೊಟ್ಟಿಗೆ, ಕಣಜಗಳ ಸುತ್ತ. ಅಂಗಳದ ಸುತ್ತ ಕಟ್ಟಿದ ಈ ಸಮೂಹಕ್ಕೆ ಅಲ್ಲಿನವರು ‘ಸ್ಟೆಡಿಂಗ್’ ಎನ್ನುತ್ತಾರೆ. ಅದನ್ನು ವಾಸದ ಮನೆಗಳಾಗಿ ಮಾರ್ಪಡಿಸಬಹುದೇ, ಮಾರ್ಪಡಿಸಿದರೆ ಏನನ್ನು ಉಳಿಸಬೇಕು ಎಂಬ ಪ್ರಶ್ನೆ ಈಗ ಸಾಕಷ್ಟು ಗೋಜಲಾಗಿದೆ.

ಮೊದಲಿಗೆ ಜನರೂ ದನಗಳೂ ಒಂದೇ ಸೂರಿನಡಿ ಇದ್ದರು. ಕವಿ ರಾಬರ್ಟ್ ಬರ್ನ್ಸ್‌ನ ತಂದೆ 1757ರಲ್ಲಿ ಅಲೋವೇಯಲ್ಲಿ ಕಟ್ಟಿದ ಮಣ್ಣುಗೋಡೆಯ, ಹುಲ್ಲುಮಾಡಿನ ಮನೆ ಅಂಥದ್ದೇ. ಅಡುಗೆಮನೆಯೂ ಕೊಟ್ಟಿಗೆಯೂ ಅಲ್ಲಿ ಒಂದೇ ಸಾಲು. 1788ರಲ್ಲಿ ಮಗ ನಿತ್ ನದಿಯ ದಂಡೆಯ ಎಲಿಸ್‌ಲ್ಯಾಂಡಿನಲ್ಲಿ 170 ಎಕರೆ ಗೇಣಿಗೆ ಹಿಡಿದಾಗ ಹೊಸ ಮನೆಗೂ ಬೇಲಿಗೂ ಒಡೆಯನೇ 300 ಪೌಂಡ್ ಕೊಟ್ಟ. ಒಂದೇ ತಲೆಮಾರಿನಲ್ಲಿ ಒಕ್ಕಲಿನ ಮನೆ ಕೊಟ್ಟಿಗೆಯಿಂದ ಬೇರೆಯಾಯಿತು. ಈಸ್ಟ್ ಕಿಲ್‌ಬ್ರೈಡ್ ಬಳಿಯ ವೆಸ್ಟರ್ ಕಿಟೊಕ್‌ಸೈಡ್‌ನಲ್ಲಿ 1567ರಿಂದ ಬೇಸಾಯ ಮಾಡಿಕೊಂಡಿದ್ದ ರೀಡ್ ಮನೆತನ ತನ್ನ ಕಲ್ಲಿನ ಮನೆ ಕಟ್ಟಿದ್ದೂ ಇದೇ 1780ರ ದಶಕದಲ್ಲಿ.

ಲಾಯಕ್ಕೆ ಅದರ ರೂಪ ಬಂದದ್ದು ನೇಗಿಲಿನಿಂದ. ಹಿಂದಿನ ಭಾರಿ ನೇಗಿಲಿಗೆ ಹಲವು ಎತ್ತುಗಳೂ ಹಲವು ಆಳುಗಳೂ ಬೇಕಿದ್ದವು. 1760ರ ದಶಕದಲ್ಲಿ ಜೇಮ್ಸ್ ಸ್ಮಾಲ್ ರೂಪಿಸಿದ ಹಗುರ ನೇಗಿಲಿಗೆ ಒಂದು ಜೋಡಿ ಕುದುರೆ, ಒಬ್ಬ ಆಳು ಸಾಕಾಯಿತು. ಅಲ್ಲಿಂದಾಚೆಗೆ ಹೊಲದ ಗಾತ್ರವನ್ನು ಕುದುರೆ ಜೋಡಿಗಳ ಲೆಕ್ಕದಲ್ಲಿ ಹೇಳುವುದು ರೂಢಿಯಾಯಿತು. ಲಾಯದೊಳಗೆ ನೆಲಕ್ಕೆ ಉರುಟುಗಲ್ಲು, ನಡುವೆ ಗಂಜಲದ ಕಾಲುವೆ, ಕುದುರೆಗಳ ನಡುವೆ ‘ಟ್ರೆವಿಸ್’ ಎಂಬ ಹಲಗೆಯ ತಡಿಕೆ, ಗೋಡೆಯುದ್ದಕ್ಕೂ ಗೋದಲಿ, ಮೇಲೆ ಹುಲ್ಲಿನ ಅಟ್ಟ. ಗೋದಲಿಯ ಅಂಚಿನಲ್ಲಿ ಹಲ್ಲು ಕಚ್ಚಿದ ಗುರುತು, ಕಂಬದ ಒಂದು ಮಗ್ಗುಲಿನಲ್ಲಿ ಮೈಯುಜ್ಜಿ ಬಂದ ನುಣುಪು ಈಗಲೂ ಕೆಲವೆಡೆ ಕಾಣಸಿಗುತ್ತವೆ. ಈಶಾನ್ಯ ಭಾಗದಲ್ಲಿ ಮದುವೆಯಾಗದ ಆಳುಗಳು ಮಲಗುತ್ತಿದ್ದ ‘ಚಾಮರ್’ ಎಂಬ ಕೋಣೆ ಎಷ್ಟೋ ಕಡೆ ಲಾಯದ ಮಗ್ಗುಲಿಗೋ ಅಟ್ಟದ ಮೇಲೋ ಇರುತ್ತಿತ್ತು. ಆಳುಗಳ ಮಟ್ಟಿಗೆ ಹಳೆಯ ಒಂದೇ ಸೂರಿನ ವ್ಯವಸ್ಥೆ ಮುಗಿದಿರಲಿಲ್ಲ ಎನ್ನಬೇಕು. ಆಂಡ್ರ್ಯೂ ಮೀಕಲ್‌ನ ಒಕ್ಕಣೆ ಯಂತ್ರ 1780ರ ದಶಕದಲ್ಲಿ ಬಂದ ಬಳಿಕ, ಅದನ್ನು ತಿರುಗಿಸುವ ಕುದುರೆಗಳು ಸುತ್ತು ಹೊಡೆಯಲೆಂದು ಕಣಜದ ಬೆನ್ನಿಗೆ ದುಂಡನೆಯ ಮನೆಗಳೂ ಸೇರಿಕೊಂಡವು.

ಆಮೇಲೆ ಉಗಿಯಂತ್ರ, ಟ್ರ್ಯಾಕ್ಟರ್. ಎರಡನೇ ಮಹಾಯುದ್ಧವಾಗಿ ಎರಡು ದಶಕ ಕಳೆಯುವಷ್ಟರಲ್ಲಿ ಲಾಯಗಳು ಬರಿದಾದವು. ಹೊಸ ಯಂತ್ರಗಳು ಹಳೆಯ ಬಾಗಿಲುಗಳಲ್ಲಿ ಹಿಡಿಸದೆ ತಗಡಿನ ಶೆಡ್‌ಗಳು ಎದ್ದವು.

ಗೋಜಲು ಶುರುವಾಗುವುದು ಇಲ್ಲಿಂದ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಅಡಿಪಾಯ 1947ರ ಯೋಜನಾ ಕಾಯ್ದೆ. ಪಟ್ಟಿಯಲ್ಲಿರುವ ಮನೆಯ ಆವರಣದೊಳಗೆ 1948ರ ಜುಲೈ 1ಕ್ಕೆ ಮೊದಲು ಕಟ್ಟಿದ್ದಕ್ಕೂ ಅದೇ ರಕ್ಷಣೆ ಉಂಟು. ಆದರೆ ಆವರಣ ಎಲ್ಲಿಗೆ ಮುಗಿಯುತ್ತದೆ? ಸ್ಟೆಡಿಂಗ್ ರಸ್ತೆಯಾಚೆ ಇದ್ದರೆ, ಅಥವಾ ಮನೆಯೂ ಲಾಯವೂ ಬೇರೆ ಬೇರೆ ಮಾಲೀಕರ ಕೈಗೆ ಹೋಗಿದ್ದರೆ, ಒಂದೊಂದು ಪ್ರಕರಣಕ್ಕೂ ಒಂದೊಂದು ವಾದ. 2021ರ ಏಪ್ರಿಲ್‌ನಿಂದ ಕೃಷಿ ಕಟ್ಟಡಗಳನ್ನು ಐದು ಮನೆಗಳವರೆಗೆ ಮಾರ್ಪಡಿಸಲು ಪೂರ್ಣ ಯೋಜನಾ ಅರ್ಜಿ ಬೇಡವೆಂದಾದ ಮೇಲೆ, ಪಟ್ಟಿಯ ಹೊರಗುಳಿದ ಸ್ಟೆಡಿಂಗ್‌ಗಳ ದಾರಿ ಇನ್ನಷ್ಟು ಸಲೀಸಾಯಿತು.

ಖಾಲಿ ಬಿಟ್ಟರೆ ಕಲ್ಚಪ್ಪಡಿಯ ಮಾಡು ಕುಸಿಯುತ್ತದೆ, ಆದ್ದರಿಂದ ಜನ ಬಂದು ವಾಸಿಸುವುದೇ ಮೇಲೆಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಮಾರ್ಪಾಡು ಎಲ್ಲ ಕಟ್ಟಡಗಳಿಗೂ ಒಂದೇ ಬಗೆಯಲ್ಲಿ ಒಗ್ಗುವುದಿಲ್ಲ. ಗಾಡಿಖಾನೆಯ ಕಮಾನುಗಳಿಗೆ ಗಾಜು ಕೂರಿಸಿದರೆ ಬೆಳಕಿನ ಹಜಾರವಾಗುತ್ತದೆ, ಕಮಾನೂ ಉಳಿಯುತ್ತದೆ. ಲಾಯದ ಗೋಡೆಗೆ ಇರುವುದು ಒಂದು ಬಾಗಿಲು, ಎರಡೋ ಮೂರೋ ಪುಟ್ಟ ಕಿಟಕಿ. ಮಲಗುವ ಕೋಣೆಗಳಿಗೆ ಬೆಳಕು ಬೇಕೆಂದು ಅದನ್ನು ಕೊರೆಯಬೇಕಾಗುತ್ತದೆ, ಉರುಟುಗಲ್ಲಿನ ಮೇಲೆ ಕಾಂಕ್ರೀಟ್ ಸುರಿಯಬೇಕಾಗುತ್ತದೆ, ಮತ್ತು ಮೊದಲ ವಾರದಲ್ಲೇ ಟ್ರೆವಿಸ್ ಹಲಗೆಗಳು ಅಂಗಳಕ್ಕೆ ಬಂದು ಬೀಳುತ್ತವೆ.