ಗುಂಡಿ ಬಿಟ್ಟೊಡನೆ ಆರುವ ಹೀಟರ್

ಒತ್ತಿ ಹಿಡಿದಿರುವಷ್ಟು ಹೊತ್ತು ಉರಿಯುತ್ತದೆ, ಬೆರಳು ತೆಗೆದೊಡನೆ ಆರಿಹೋಗುತ್ತದೆ. ಒಯ್ಯಬಲ್ಲ ಗ್ಯಾಸ್ ಹೀಟರ್ ಬಳಸುವವರ ಅತಿ ಸಾಮಾನ್ಯ ದೂರು ಇದು. ಮೊದಲ ಅನುಮಾನ ಸಿಲಿಂಡರಿನ ಮೇಲೆ, ಎರಡನೆಯದು ರೆಗ್ಯುಲೇಟರಿನ ಮೇಲೆ. ಕೊನೆಗೆ ಯಾರೋ ಜಾಣರು ಗುಂಡಿಯನ್ನು ಒತ್ತಿದ ಸ್ಥಿತಿಯಲ್ಲೇ ತಂತಿ ಸುತ್ತಿ ಕಟ್ಟಿಬಿಡುತ್ತಾರೆ. ಈ ಜಾಣತನವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಟ್ಟಿದ ಗುಂಡಿಯ ಹೀಟರಿನಲ್ಲಿ ಜ್ವಾಲೆ ಆರಿದರೂ ಅನಿಲ ಹರಿಯುತ್ತಲೇ ಇರುತ್ತದೆ. ಸಿಲಿಂಡರಿನೊಳಗಿನ ಅನಿಲಗಳಲ್ಲಿ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಅದು ನೆಲದಲ್ಲೇ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೂ ಒಂದು ಕಿಡಿ ಸಾಕು.

ಗುಂಡಿ ಬಿಟ್ಟ ಮೇಲೂ ಅನಿಲದ ಕವಾಟ ತೆರೆದಿರಬೇಕಾದರೆ ಅದನ್ನು ಹಿಡಿದು ನಿಲ್ಲಿಸುವುದು ಒಂದು ಪುಟ್ಟ ವಿದ್ಯುತ್ಕಾಂತ. ಬ್ಯಾಟರಿ ಇಲ್ಲದ ಹೀಟರಿನಲ್ಲಿ ಅದಕ್ಕೆ ವಿದ್ಯುತ್ ಕೊಡುವುದು ಜ್ವಾಲೆಯೇ! ದೊಡ್ಡ ಜ್ವಾಲೆಯನ್ನು ಹೊತ್ತಿಸಲೆಂದು ಉರಿಯುವ ಪುಟ್ಟ ಪೈಲಟ್ ಜ್ವಾಲೆಯೊಳಗೆ ತುದಿ ಚಾಚಿರುವ ಕಡ್ಡಿಯೇ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಒಂದು ತುದಿಯನ್ನು ಕಾಯಿಸಿ, ಇನ್ನೊಂದನ್ನು ತಣ್ಣಗಿಟ್ಟರೆ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಎಷ್ಟು? 20ರಿಂದ 30 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿ ಇರುವುದರ ಐವತ್ತನೆಯ ಒಂದು ಪಾಲು. ಇಷ್ಟು ಅಲ್ಪ ಶಕ್ತಿಗೆ ಕವಾಟವನ್ನು ಎಳೆದು ತೆರೆಯಲು ಆಗದು. ಮುಚ್ಚಿದ ಬಾಗಿಲನ್ನು ನೂಕಿ ತೆರೆಯಲಾಗದ ಮಗುವೂ ತೆರೆದ ಬಾಗಿಲಿಗೆ ಒರಗಿ ನಿಂತು ಅದು ಮುಚ್ಚದಂತೆ ತಡೆಯಬಲ್ಲದಲ್ಲ, ಹಾಗೆ. ತೆರೆಯುವ ಕೆಲಸ ನಿಮ್ಮ ಬೆರಳಿನದು, ಹಿಡಿದಿಡುವುದಷ್ಟೇ ಕಾಂತದ್ದು. ತುದಿ ಕಾಯುವವರೆಗೆ ಮೂವತ್ತು ಸೆಕೆಂಡಾದರೂ ಒತ್ತಿ ಹಿಡಿಯಬೇಕೆನ್ನುವುದು ಇದಕ್ಕೇ. ಬಹುಪಾಲು ‘ಕೆಟ್ಟ’ ಹೀಟರುಗಳ ಕಾಯಿಲೆ ಬಳಸುವವರ ಅವಸರ.

ಶಾಖದಿಂದ ಹುಟ್ಟುವ ಈ ವೋಲ್ಟೇಜಿನ ಕಥೆ ಹಳೆಯದು. 1821ರಲ್ಲಿ ಜರ್ಮನ್ ವಿಜ್ಞಾನಿ ಥಾಮಸ್ ಯೋಹಾನ್ ಸೀಬೆಕ್ ಬಿಸ್ಮತ್ ಮತ್ತು ತಾಮ್ರದ ಪಟ್ಟಿಗಳನ್ನು ಬಳೆಯಂತೆ ಜೋಡಿಸಿ, ಒಂದು ಬೆಸುಗೆಯನ್ನು ಕಾಯಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಓರೆಯಾಯಿತು. ಶಾಖದಿಂದ ನೇರವಾಗಿ ಕಾಂತತೆಯೇ ಹುಟ್ಟುತ್ತದೆ ಎಂದು ಆತ ಹಟ ಹಿಡಿದ. ಭೂಮಿಯ ಕಾಂತತೆಗೂ ಧ್ರುವಗಳು ಮತ್ತು ಸಮಭಾಜಕದ ನಡುವಿನ ಉಷ್ಣತೆಯ ವ್ಯತ್ಯಾಸವೇ ಕಾರಣ ಎನ್ನುವಷ್ಟು ದೂರ ಹೋದ. ಮುಳ್ಳನ್ನು ಅಲುಗಿಸಿದ್ದು ಬಳೆಯಲ್ಲಿ ಹರಿದ ವಿದ್ಯುತ್ ಎಂದು ಗುರುತಿಸಿದವನು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್. 1826ರಲ್ಲಿ ಓಮ್ ವೋಲ್ಟೇಜಿಗೂ ವಿದ್ಯುತ್ ಪ್ರವಾಹಕ್ಕೂ ಇರುವ ನಂಟನ್ನು ಹೇಳುವ ತನ್ನ ಪ್ರಸಿದ್ಧ ನಿಯಮವನ್ನು ಕಂಡುಕೊಂಡದ್ದೂ ಇಂಥದೇ ಬಿಸ್ಮತ್–ತಾಮ್ರದ ಜೋಡಿಯಿಂದ; ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಸ್ಥಿರವಾಗಿರುತ್ತಿರಲಿಲ್ಲ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ವಿದ್ಯುತ್ ಒದಗಿಸುತ್ತಿರುವುದೂ ಇದೇ ತತ್ತ್ವ, ಅಲ್ಲಿ ಶಾಖ ಪ್ಲುಟೋನಿಯಮ್ಮಿನದು.

ಮರಳಿ ಹೀಟರಿಗೆ. ಇಷ್ಟು ಕಡಿಮೆ ವೋಲ್ಟೇಜಿನ ವಿದ್ಯುತ್ ಮಂಡಲದಲ್ಲಿ ಕೊಳೆಯೇ ದೊಡ್ಡ ಶತ್ರು. ಬೇರೆಡೆ ಯಾರೂ ಲೆಕ್ಕಕ್ಕಿಡದ ತೆಳು ಕಿಲುಬು ಇಲ್ಲಿ ಗೋಡೆಯಾಗುತ್ತದೆ. ಹೀಟರ್ ಮಗುಚಿದರೆ ಅನಿಲ ನಿಲ್ಲಿಸುವ ಸ್ವಿಚ್ಚು ಕೂಡ ಅನೇಕ ಮಾದರಿಗಳಲ್ಲಿ ಇದೇ ತಂತಿಯ ದಾರಿಯಲ್ಲಿ ಕೂತಿರುತ್ತದೆ. ಅದರ ಜೋಡಣೆ ಸಡಿಲವಾಗಿದ್ದರೂ ಫಲ ಒಂದೇ. ಹಾಗಾಗಿ ಸಿಲಿಂಡರ್ ಮುಚ್ಚಿ, ಹೀಟರ್ ಪೂರ್ತಿ ತಣಿದ ಮೇಲೆ, ಥರ್ಮೋಕಪಲ್ಲಿನ ತುದಿಯ ಮಸಿಯನ್ನು ನಯವಾದ ಉಜ್ಜುಕಾಗದದಿಂದ ತೆಗೆದು, ಜೋಡಣೆಗಳನ್ನು ಒರೆಸಿ ಬಿಗಿಮಾಡಿ ನೋಡಬೇಕು. ಜ್ವಾಲೆ ತುದಿಯನ್ನು ಸುತ್ತುವರಿದು ನೆಕ್ಕುತ್ತಿರಬೇಕು. ಸೊರಗಿ ಹಳದಿಯಾಗಿ ಬಾಗಿದ್ದರೆ ಪೈಲಟ್ಟಿನ ಗಾಳಿಯ ರಂಧ್ರದಲ್ಲಿ ಧೂಳೋ ಜೇಡರ ಬಲೆಯೋ ಇದೆ. ಊದಿ ತೆಗೆಯಿರಿ, ಸೂಜಿ ಹಾಕಬೇಡಿ. ಅನಿಲದ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕಾಚಾರವೆಲ್ಲ ಕೆಡುತ್ತದೆ. ಕೊರೆಯುವ ಚಳಿಯಲ್ಲಿ ಬ್ಯೂಟೇನ್ ಸಿಲಿಂಡರ್ ಸೋಲುವುದು ಬೇರೆ ಕಥೆ: ಅದರ ಕುದಿಬಿಂದು, ಅಂದರೆ ಒಳಗಿನ ದ್ರವ ಅನಿಲವಾಗಿ ಏಳುವ ಉಷ್ಣತೆ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದೆ, ಪ್ರೊಪೇನಿನದು ಮೈನಸ್ 42.

ಚೆನ್ನಾಗಿ ಹೊತ್ತಿ, ಬಹಳ ಹೊತ್ತು ಉರಿದು, ಆಮೇಲೆ ತಾನಾಗಿ ಆರುವ ಹೀಟರನ್ನು ಮಾತ್ರ ಬೇರೆಯೇ ಕಣ್ಣಿನಿಂದ ನೋಡಬೇಕು. ಒಂದು ಕಿಲೋ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಶೇ. 21ರಿಂದ ಇಳಿಯುತ್ತಾ ಬಂದಂತೆ ಜ್ವಾಲೆಯ ವೇಗ ಕುಗ್ಗುತ್ತದೆ, ಹೊರನುಗ್ಗುವ ಅನಿಲಕ್ಕೆ ಅದು ಸಮನಾಗಿ ನಿಲ್ಲಲಾರದೆ ಪೈಲಟ್ಟಿನ ಬಾಯಿಂದ ದೂರ ಸರಿಯುತ್ತದೆ. ಒಳಾಂಗಣದ ಹೀಟರುಗಳಲ್ಲಿ ಪೈಲಟ್ಟನ್ನು ರೂಪಿಸಿರುವುದೇ ಹೀಗೆ: ಶೇ. 18ರ ಸುಮಾರಿಗೆ ಜ್ವಾಲೆ ಥರ್ಮೋಕಪಲ್ಲಿನಿಂದ ಎದ್ದುಹೋಗಬೇಕು, ತುದಿ ತಣಿಯಬೇಕು, ಕವಾಟ ಮುಚ್ಚಬೇಕು. ಚಿಪ್ಪಿಲ್ಲ, ಸಂವೇದಕವಿಲ್ಲ, ಬೆಂಕಿಯ ಸ್ವಭಾವವನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಆದರೆ ಅದು ಅಳೆಯುವುದು ಆಮ್ಲಜನಕವನ್ನು. ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗೆ ಬೇರೆಯೇ ಎಚ್ಚರಿಕೆ ಗಂಟೆ ಬೇಕು.

ಇಂಥ ಹೀಟರ್ ಆರಿದರೆ ಮೊದಲು ಹೊರಗೆ ಬಂದು, ಕಿಟಕಿ ಬಾಗಿಲು ತೆರೆದಿಡಿ. ಗಾಳಿಯಾಡಿದ ಮೇಲೆ ಹೊತ್ತಿಸಿದಾಗ ಸರಿಯಾಗಿ ಉರಿದರೆ ರಿಪೇರಿ ಮಾಡಬೇಕಾದದ್ದು ಹೀಟರನ್ನಲ್ಲ, ಗಾಳಿಯ ದಾರಿಯನ್ನು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ ಗಾಳಿಯೇ ತೆಳುವಾಗಿರುವುದರಿಂದ, ಇದೇ ಪೈಲಟ್ ಬಯಲಿನಲ್ಲಿಯೂ ಆರಬಹುದು. ಅಲ್ಲಿ ಥರ್ಮೋಕಪಲ್ ಬದಲಿಸಿ ಪ್ರಯೋಜನವಿಲ್ಲ.