ಪಿಕಪ್ಪಿಗೆ ಪಾವಟಿಗೆ ಕೂಡಿಸುವ ಮುನ್ನ

ವಿಜಯಪುರ ಜಿಲ್ಲೆಯ ಪಿಕಪ್ ಗಾಡಿಗೆ ಒಂದೇ ಕೆಲಸ ಅಂತ ಇರುವುದಿಲ್ಲ. ಬೆಳಿಗ್ಗೆ ಇಂಡಿ ಊರಿನ ನಿಂಬೆಹಣ್ಣಿನ ಚೀಲ, ಮಧ್ಯಾಹ್ನ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಗೊಬ್ಬರ, ಸಂಜೆ ಮನೆಮಂದಿಯೆಲ್ಲ ಜಾತ್ರೆಗೆ. ಎರಡು ಸಾಲು ಸೀಟಿನ ಗಾಡಿಯಾದರೆ ಇಳಕಲ್ ಸೀರೆ ಉಟ್ಟ ಅಜ್ಜಿಯೂ ಹತ್ತಬೇಕು. ಆಗಲೇ ಸೈಡ್ ಸ್ಟೆಪ್, ಅಂದರೆ ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಪಾವಟಿಗೆ ಪಟ್ಟಿ, ಹಾಕಿಸುವ ಮಾತು ಬರುತ್ತದೆ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೊಳೆಯುವ ಪೈಪು. ನನ್ನನ್ನು ಕೇಳಿದರೆ, ಮೊದಲು ಬಗ್ಗಿ, ಅದನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಬ್ರ್ಯಾಕೆಟ್ ನೋಡಬೇಕು. ಹತ್ತುವವರ ಜೀವ ನಿಂತಿರುವುದು ಅದರ ಮೇಲೆ.

ಆದರೆ ಅದಕ್ಕೂ ಮುಂಚೆ ಒಂದು ಟೇಪ್ ತಗೊಂಡು ಎತ್ತರ ಅಳೆಯಿರಿ. ಮನೆಯ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 19 ಸೆಂಟಿಮೀಟರ್ ಇರುತ್ತದೆ. ಪಿಕಪ್ಪಿನ ಕ್ಯಾಬಿನ್ ನೆಲ ಅರ್ಧ ಮೀಟರಿನ ಆಸುಪಾಸು, ಕೆಲವು ಗಾಡಿಗಳಲ್ಲಿ ಇನ್ನೂ ಮೇಲೆ. ಕೃತಕ ಮಂಡಿಯೊಳಗೆ ಸೆನ್ಸರ್ ಇಟ್ಟು ವಿಜ್ಞಾನಿಗಳು ಅಳೆದಿದ್ದಾರೆ: ಸಾಧಾರಣ ಮೆಟ್ಟಿಲು ಹತ್ತುವಾಗಲೇ ಮಂಡಿಯ ಮೇಲೆ ದೇಹದ ತೂಕದ ಸುಮಾರು 3 ಪಟ್ಟು ಭಾರ ಬೀಳುತ್ತದೆ. ಇಳಿಯುವಾಗ ಇನ್ನೂ ಜಾಸ್ತಿ. ಅಂದರೆ 60 ಕೆ.ಜಿ. ತೂಕದ ಅಜ್ಜಿಯ ಒಂದೊಂದು ಮಂಡಿಯೂ 180 ಕೆ.ಜಿ. ತಡೆಯಬೇಕು. "ಹತ್ತೋದು ಹೆಂಗೋ ಆಗ್ತೈತಿ, ಇಳಿಯೋದ ತ್ರಾಸ" ಅಂತ ವಯಸ್ಸಾದವರು ಹೇಳುವುದು ಸುಮ್ನೆ ಅಲ್ಲ. ನೆಲಕ್ಕೂ ಕ್ಯಾಬಿನ್ನಿಗೂ ಸುಮಾರು ನಡುಮಧ್ಯೆ ಪಟ್ಟಿ ಬಂದರೆ ಒಂದು ದೊಡ್ಡ ಹೆಜ್ಜೆ ಎರಡು ಸಣ್ಣ ಹೆಜ್ಜೆ ಆಗುತ್ತದೆ.

ಹಾಗಂತ ಪಟ್ಟಿಯನ್ನು ತೀರಾ ಕೆಳಗಿಳಿಸುವ ಹಾಗೂ ಇಲ್ಲ. ಹೊಲದ ಒಡ್ಡು ದಾಟಬೇಕಲ್ಲ! ಮುಂದಿನ ಗಾಲಿ, ಹಿಂದಿನ ಗಾಲಿ ನಡುವೆ 3 ಮೀಟರ್ ಅಂತರ ಇದೆ, ಬಾಗಿಲ ಕೆಳಗಿನ ಅಂಚು ನೆಲದಿಂದ 40 ಸೆಂಟಿಮೀಟರ್ ಮೇಲಿದೆ ಅಂತ ಇಟ್ಟುಕೊಳ್ಳಿ. ಗಾಲಿಯ ಗಾತ್ರ ಬಿಟ್ಟು ಸರಳವಾಗಿ ಲೆಕ್ಕ ಹಾಕಿದರೆ, ಆ ಅಂಚು ತಗುಲದ ಹಾಗೆ ಸುಮಾರು 30 ಡಿಗ್ರಿ ಕೋನದ ದಿಬ್ಬ ದಾಟಬಹುದು. ಪಟ್ಟಿ 10 ಸೆಂಟಿಮೀಟರ್ ಕೆಳಗೆ ಜೋತರೆ ಅದು 23 ಡಿಗ್ರಿಗೆ ಇಳಿಯುತ್ತದೆ. ಒಡ್ಡನ್ನು ಓರೆಯಾಗಿ ದಾಟುವಾಗ ಮೊದಲು ಕುಟ್ಟುವುದು ಈ ಪಟ್ಟಿಯೇ. ದಿನಾ ಹೊಲಕ್ಕೆ ಹೋಗುವ ಗಾಡಿಗೆ ಮೈಗಂಟಿದ, ತುಸು ಮೇಲಿರುವ ಸ್ಟೆಪ್ ಹಾಕಿಸಿ. ಡಾಂಬರು ರಸ್ತೆಯಲ್ಲೇ ಓಡುವ ಮನೆ ಗಾಡಿಗೆ ತಗ್ಗಿನದು, ಅಗಲದ್ದು ಇರಲಿ. ಬಾಗಿಲು ತೆರೆದರೆ ತಾನೇ ಇಳಿಯುವ ಮೋಟಾರ್ ಸ್ಟೆಪ್ಪುಗಳೂ ಬಂದಿವೆ. ಕೆಸರಿನ ದಾರಿಗೆ ಅವು ಬೇಡ, ಸಂದುಗಳಲ್ಲಿ ಮಣ್ಣು ಕೂತು ಸಿಕ್ಕಿಕೊಳ್ಳುತ್ತವೆ.

ಇನ್ನು ಬ್ರ್ಯಾಕೆಟ್. 70 ಕೆ.ಜಿ. ತೂಕದ ಹಮಾಲನೊಬ್ಬ, ಬ್ರ್ಯಾಕೆಟ್ ಕೂತ ಜಾಗದಿಂದ 25 ಸೆಂಟಿಮೀಟರ್ ಹೊರಗೆ, ಪಟ್ಟಿಯ ಮೇಲೆ ಕಾಲಿಡುತ್ತಾನೆ. ಬ್ರ್ಯಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ 5 ಸೆಂಟಿಮೀಟರ್ ಅಂತರ. ಹಾರೆ ಹಾಕಿ ಕಲ್ಲು ಎಬ್ಬಿಸುವ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ: 25 ಅಂದರೆ 5ರ ಐದು ಪಟ್ಟು, ಹಾಗಾಗಿ ಮೇಲಿನ ಬೋಲ್ಟನ್ನು ಎಳೆಯುವ ಬಲ 350 ಕೆ.ಜಿ. ತೂಕದಷ್ಟು. ಇದು ನಿಧಾನಕ್ಕೆ ಹತ್ತಿದರೆ ಮಾತ್ರ. ಭಾರವನ್ನು ಒಮ್ಮೆಲೇ ಹೇರಿದರೆ ಎಳೆತ ಎರಡು ಪಟ್ಟಾಗುತ್ತದೆ. ಜಿಗಿದು ಹತ್ತಿದರೆ ಅದಕ್ಕೂ ಹೆಚ್ಚು. ಹೆಗಲ ಮೇಲೆ ಚೀಲ ಇದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಎರಡು ಬೋಲ್ಟುಗಳ ನಡುವೆ ಅಂತರ ಜಾಸ್ತಿ ಇರುವ ಬ್ರ್ಯಾಕೆಟ್ ಒಳ್ಳೆಯದು. ಒಂದು ಬದಿಗೆ ಎರಡರ ಬದಲು ಮೂರು ಬ್ರ್ಯಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಆಸರೆಗಳ ನಡುವಿನ ಅಂತರ ಅರ್ಧ ಆದರೆ ಪಟ್ಟಿ ಬಾಗುವುದು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಳಪಿಗೆ ಕೊಡುವ ದುಡ್ಡನ್ನು ಈ ಮೂರನೇ ಬ್ರ್ಯಾಕೆಟ್ಟಿಗೆ ಕೊಡಿ.

ಅದನ್ನು ಎಲ್ಲಿಗೆ ಬಿಗಿಯುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಕೆಳಗೊಂದು ಚಾಸಿ, ಅಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು, ಅದರ ಮೇಲೆ ರಬ್ಬರ್ ಬುಷ್ ಮೇಲೆ ಕೂತ ಕ್ಯಾಬಿನ್. ಹಳ್ಳ ದಿಣ್ಣೆಯಲ್ಲಿ ಚಾಸಿ ತಿರುಚಿಕೊಂಡರೂ ಆ ರಬ್ಬರ್ ಕ್ಯಾಬಿನ್ನನ್ನು ಕಾಪಾಡುತ್ತದೆ. ಬ್ರ್ಯಾಕೆಟ್ಟಿನ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಕ್ಯಾಬಿನ್ನಿಗೆ ಗಟ್ಟಿಯಾಗಿ ಬಿಗಿದರೆ ರಬ್ಬರ್ ಇದ್ದೂ ಇಲ್ಲದಂತೆ. ಅಲುಗಾಟವೆಲ್ಲ ತೆಳು ತಗಡಿಗೆ ಹೋಗಿ ಅದು ಸೀಳುತ್ತದೆ. ಕಂಪನಿಯೇ ಬಿಟ್ಟಿರುವ ತೂತುಗಳಿಗೆ ಕೂಡುವ ಬ್ರ್ಯಾಕೆಟ್ ಕೇಳಿ ತಗೊಳ್ಳಿ. "ಒಂದು ತೂತು ಹೊಡೆದರೆ ಏನಾಗ್ತೈತಿ ಬಿಡ್ರಿ" ಅಂದರೆ ಒಪ್ಪಬೇಡಿ. ಭಾರ ಬಿದ್ದು ಬಾಗುವ ಚಾಸಿಯಲ್ಲಿ ಅತಿ ಹೆಚ್ಚು ಒತ್ತಡ ಇರುವುದು ಮೇಲಿನ, ಕೆಳಗಿನ ಅಂಚುಗಳಲ್ಲಿ. ಅಲ್ಲಿ ಹೊಡೆದ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ವೆಲ್ಡಿಂಗ್ ಮಾಡಿದರೂ ಅಷ್ಟೇ, ಕಾದ ಜಾಗದ ಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ.

ಕಾಲಿಡುವ ಮೇಲ್ಭಾಗವನ್ನು ಮಳೆಗಾಲದ ಕಣ್ಣಿನಿಂದ ನೋಡಬೇಕು. ಡೋಣಿ ನದಿ ದಂಡೆಯ ಎರೆ ಮಣ್ಣಿನ ಕಣಗಳು ತೆಳು ಪದರಗಳ ಜೇಡಿ. ಪದರಗಳ ನಡುವೆ ನೀರು ಸೇರಿ ಉಬ್ಬುತ್ತವೆ, ಒಂದರ ಮೇಲೊಂದು ಜಾರುತ್ತವೆ. ಅಗಲವಾದ ನುಣುಪು ಪಟ್ಟಿಯ ಮೇಲೆ ಆ ಮಣ್ಣು ಮೆತ್ತಿಕೊಂಡರೆ ಚಪ್ಪಲಿಯ ತಳ ಲೋಹವನ್ನು ಮುಟ್ಟುವುದೇ ಇಲ್ಲ, ಕೆಸರಿನ ಮೇಲೆ ತೇಲುತ್ತದೆ. ಅಥಣಿ ಕಡೆಯ ತೊಗಲಿನ ಚಪ್ಪಲಿ ಮೆಟ್ಟಿದವರಿಗೆ ಇದು ಗೊತ್ತು. ತೂತುಗಳಿದ್ದು, ತೂತಿನ ಅಂಚು ಮೇಲೆದ್ದಿರುವ ಪಟ್ಟಿ ಈ ಕಡೆಗೆ ಸರಿ. ಒತ್ತಿದ ಮಣ್ಣು ಕೆಳಗೆ ಬೀಳುತ್ತದೆ, ಅಂಚು ಚಪ್ಪಲಿಯನ್ನು ಹಿಡಿಯುತ್ತದೆ. ಕನಿಷ್ಠ ಅರ್ಧ ಪಾದವಾದರೂ ಊರುವಷ್ಟು ಅಗಲ ಬೇಕು. ಬಾಗಿಲ ಕಂಬಕ್ಕೆ ಒಂದು ಹಿಡಿಕೆಯೂ ಇರಲಿ. ಕೈಗೆ ಆಸರೆ ಸಿಕ್ಕರೆ ಮಂಡಿಯ ಭಾರವೂ ಕಡಿಮೆಯಾಗುತ್ತದೆ.

ತುಕ್ಕಿನ ವಿಷಯದಲ್ಲಿ ಪೈಪಿನ ಹೊರಗಿಂತ ಒಳಗೆ ನೋಡಿ. ತುದಿಯ ಪ್ಲಾಸ್ಟಿಕ್ ಮುಚ್ಚಳದ ಸಂದಿಯಿಂದ ಕೆಸರು ಒಳಹೋಗುತ್ತದೆ. ಎರೆ ಮಣ್ಣು ಬೇಗ ಒಣಗುವುದಿಲ್ಲ, ಹೊರಗಿನ ಬಣ್ಣ ಹೊಸದಾಗಿ ಕಾಣುವಾಗಲೇ ಒಳಗೆ ಉಕ್ಕು ತೆಳುವಾಗುತ್ತಿರುತ್ತದೆ. ಪೈಪಿನ ಅಡಿಯಲ್ಲಿ ನೀರು ಸೋರಿಹೋಗಲು ತೂತು ಇದೆಯಾ ಅಂತ ಬೆರಳಾಡಿಸಿ ನೋಡಿ. ಅಲ್ಯೂಮಿನಿಯಂ ಪಟ್ಟಿಯ ಸಾಂದ್ರತೆ ಉಕ್ಕಿನ ಮೂರನೇ ಒಂದರಷ್ಟು, ಕೆಂಪು ತುಕ್ಕೂ ಇಲ್ಲ. ಆದರೆ ಉಕ್ಕಿನ ಬೋಲ್ಟು ಅದನ್ನು ಮುಟ್ಟಿ, ನಡುವೆ ಉಪ್ಪು ನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ, ಸವೆಯುವುದು ಅಲ್ಯೂಮಿನಿಯಂ. ಕೃಷ್ಣೆಯ ನೀರಾವರಿಯಲ್ಲಿ ಸವಳಾದ ಹೊಲಗಳಲ್ಲಿ ಓಡಾಡುವವರು ಎರಡು ಲೋಹ ಒಂದಕ್ಕೊಂದು ಮುಟ್ಟದ ಹಾಗೆ ನಡುವೆ ನೈಲಾನ್ ವಾಷರ್ ಹಾಕಿಸಲೇಬೇಕು.

ಕೂಡಿಸುವಾಗ ಜ್ಯಾಕ್ ಇಡುವ ಜಾಗ ಮುಚ್ಚಿಹೋಗಿಲ್ಲ ಅಂತ ಅಲ್ಲೇ ಜ್ಯಾಕ್ ಇಟ್ಟು ನೋಡಿ. ಹೊಸ ಬೋಲ್ಟಿನ ಅಡಿಯ ಬಣ್ಣ ಕೆಲವೇ ದಿನಗಳಲ್ಲಿ ಅಪ್ಪಚ್ಚಿಯಾಗಿ ಬಿಗಿತ ಸಡಿಲುತ್ತದೆ, ಹಾಗಾಗಿ ಒಂದೆರಡು ವಾರ ಓಡಿಸಿದ ಮೇಲೆ ಮತ್ತೆ ಬಿಗಿಸಬೇಕು. ಬಿಗಿದ ನಟ್ಟಿನಿಂದ ಬ್ರ್ಯಾಕೆಟ್ಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಅಂತಲೇ ಅರ್ಥ. ಸರಿಪಡಿಸುವ ತನಕ ಆ ಬದಿಯಿಂದ ಯಾರನ್ನೂ ಹತ್ತಿಸಬೇಡಿ.