ಹತ್ತು ಕೌಂಟ್ ಅಂದರೆ ಹತ್ತೇ ಎಕ್ಸ್-ರೇ ಅಲ್ಲ

ಪ್ರತಿ ವರ್ಷ ಯಾರಾದರೊಬ್ಬರು ಗೈಗರ್ ಕೌಂಟರ್ (ವಿಕಿರಣವನ್ನು ಎಣಿಸುವ ಮೀಟರ್) ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. "ಸರ್, ಸೆಕೆಂಡಿಗೆ ಬರೀ ಹತ್ತು ಕೌಂಟ್. ಏನೂ ತೊಂದರೆ ಇಲ್ಲ." ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ತಾಮ್ರಕ್ಕೆ ಹೊಡೆದು ಎಕ್ಸ್-ರೇ ಹೊಮ್ಮಿಸುವ ನಮ್ಮ ಲೇಸರ್ ಸೆಕೆಂಡಿಗೆ ಹತ್ತು ಸಲವೇ ಹೊಡೆಯುವುದು!

1985ರಲ್ಲಿ ಡೊನ್ನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರೂ ಎಂಬ ವಿಜ್ಞಾನಿಗಳು ಲೇಸರಿನ ಪಲ್ಸನ್ನು, ಅಂದರೆ ಬೆಳಕಿನ ಒಂದು ಕಿರು ಮಿಡಿತವನ್ನು, ಹಿಗ್ಗಿಸಿ, ಬೆಳೆಸಿ, ಮತ್ತೆ ಕುಗ್ಗಿಸುವ ದಾರಿ ತೋರಿಸಿದರು. ಈಗ ಇಂಥ ಲೇಸರ್ ಒಂದು ಮೇಜಿನ ಮೇಲೆ ಕೂರುತ್ತದೆ. ಮೇಜಿನ ಮೇಲಿದೆ ಅಂತಲೇ ಭಯ ಹೋಗಿದೆ. ಒಂದು ಪಲ್ಸಿನಲ್ಲಿರುವುದು 10 ಮಿಲಿಜೂಲ್, ಒಂದು ಗ್ರಾಂ ಸಕ್ಕರೆಯನ್ನು ಒಂದು ಮೀಟರ್ ಎತ್ತುವಷ್ಟು ಶಕ್ತಿ. ಆದರೆ ಅದೆಲ್ಲ 30 ಫೆಮ್ಟೋಸೆಕೆಂಡಿನಲ್ಲಿ (ಒಂದು ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು), ಕೂದಲಿಗಿಂತ ಸಣ್ಣ ಚುಕ್ಕೆಯ ಮೇಲೆ ಬೀಳುತ್ತದೆ. ತಾಮ್ರದ ಮೇಲ್ಮೈ ಪ್ಲಾಸ್ಮಾ (ಎಲೆಕ್ಟ್ರಾನು ಕಳಚಿಕೊಂಡ ಬಿಸಿ ಅನಿಲ) ಆಗುತ್ತದೆ. ಬೆಳಕು ಅಲ್ಲಿನ ಎಲೆಕ್ಟ್ರಾನುಗಳನ್ನು ಎಳೆದಾಡಿ ಒಳಕ್ಕೆ ನೂಕುತ್ತದೆ. ಅವು ತಾಮ್ರದೊಳಗೆ ಗಕ್ಕನೆ ನಿಲ್ಲುವಾಗ ಎಕ್ಸ್-ರೇ ಬರುತ್ತದೆ. ಲೇಸರ್ ಕನ್ನಡಕ ಇದನ್ನು ತಡೆಯುವುದಿಲ್ಲ.

ಈಗ ಕೌಂಟರ್ ವಿಷಯ. ಎಕ್ಸ್-ರೇ ಹೊಮ್ಮುವುದು ಕೆಲವೇ ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು). ಗೈಗರ್ ಟ್ಯೂಬ್ ಒಂದು ಸಲ ಮಿಡಿದರೆ ಸುಮಾರು 100 ಮೈಕ್ರೋಸೆಕೆಂಡ್ ಕುರುಡು. ಅಂದರೆ ಕೋಟ್ಯಂತರ ಪಟ್ಟು ನಿಧಾನ. ಲೇಸರಿನ ಒಂದು ಹೊಡೆತಕ್ಕೆ ಟ್ಯೂಬಿನೊಳಗೆ ಒಂದು ಎಕ್ಸ್-ರೇ ಬರಲಿ, ಸಾವಿರ ಬರಲಿ, ಅದು ಹೇಳುವುದು "ಒಂದು". ಮದುವೆ ಮನೆಯಲ್ಲಿ ಎಲೆ ಎಣಿಸುವ ಬದಲು ಪಂಕ್ತಿ ಎಣಿಸಿ, ಊಟಕ್ಕೆ ಹತ್ತೇ ಜನ ಬಂದರು ಅಂದ ಹಾಗೆ.

ಹೋದ ಸಲ ಬಂದ ಹುಡುಗನಿಗೆ ನಾನು ವಾದ ಮಾಡಲಿಲ್ಲ. "ಲೇಸರ್ ಐದಕ್ಕೆ ಇಳಿಸಪ್ಪ" ಅಂದೆ. ಕೌಂಟರ್ ಐದು ತೋರಿಸಿತು. ಮತ್ತೆ ಹತ್ತಕ್ಕೆ ಏರಿಸಿ, ಎಕ್ಸ್-ರೇ ಹೊರಬರುವ ಕಿಟಕಿಗೆ ತೆಳ್ಳನೆಯ ಅಲ್ಯೂಮಿನಿಯಂ ತಗಡು ಅಡ್ಡ ಇಡಿಸಿದೆ. ಆಗಲೂ ಹತ್ತೇ! ತಗಡು ಒಂದಷ್ಟು ಎಕ್ಸ್-ರೇಯನ್ನಾದರೂ ನುಂಗಲೇಬೇಕು, ಅಲ್ವಾ? ಅವನು ತಗಡನ್ನೂ ಮೀಟರನ್ನೂ ಎರಡೆರಡು ಸಲ ನೋಡಿದ. ಆಮೇಲೆ ಸದ್ದಿಲ್ಲದೆ ಲೇಸರ್ ಶಟರ್ ಮುಚ್ಚಿದ. ಒಳ್ಳೆ ಹುಡುಗ.

ಕೌಂಟ್ ಲೇಸರ್ ಸೆಕೆಂಡಿಗೆ ಹೊಡೆಯುವ ವೇಗಕ್ಕಿಂತ ತುಂಬಾ ಕಡಿಮೆ ಇದ್ದರೆ ಆ ಅಂಕಿಗೆ ಸ್ವಲ್ಪ ಅರ್ಥವಿದೆ. ವೇಗಕ್ಕೆ ಸರಿಯಾಗಿ ಅಂಟಿಕೊಂಡಿದ್ದರೆ ನಂಬಬೇಡಿ. ಒಂದೊಂದಾಗಿ ಎಣಿಸದೆ ವಿಕಿರಣದ ಒಟ್ಟು ಪರಿಣಾಮವನ್ನು ಅಳೆಯುವ ಅಯಾನ್ ಚೇಂಬರ್ ವಾಸಿ, ಆದರೂ ತೀರಾ ಜೋರಾದ ಪಲ್ಸಿನಲ್ಲಿ ಅದೂ ಕಡಿಮೆ ತೋರಿಸಬಹುದು. ಮೈಮೇಲೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಡೋಸನ್ನು (ಮೈಗೆ ತಾಗಿದ ವಿಕಿರಣದ ಪ್ರಮಾಣ) ಕೂಡಿಸಿಡುತ್ತದೆ, ಆದರೆ ಅದರ ವರದಿ ಬರುವುದು ತಿಂಗಳುಗಳ ನಂತರ. ಮುಖ್ಯ ಪಲ್ಸಿಗೂ ಮುಂಚೆ ಸೋರುವ ಚೂರು ಬೆಳಕು ಬದಲಾದರೆ ಎಕ್ಸ್-ರೇ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ನಿನ್ನೆಯ ಅಳತೆ ಇವತ್ತಿಗೆ ಸಾಲದು. ಸೀಸ ಎಷ್ಟು ದಪ್ಪ ಬೇಕು ಎಂಬುದನ್ನು ನಿಮ್ಮ ವಿಕಿರಣ ಸುರಕ್ಷತಾ ಅಧಿಕಾರಿಯ ಜೊತೆ ಕೂತು ಲೆಕ್ಕ ಹಾಕಿ. ಅಲ್ಲಿಯವರೆಗೆ ಆ ಕಿಟಕಿಯ ಎದುರು ಕುರ್ಚಿ ಹಾಕಬೇಡಿ.